ತೋಟದ ಮಳೆ ಪುಸ್ತಕ ಆನ್‌ಲೈನ್‌ಗೆ: ಡೇಟಾ ಭಂಡಾರವನ್ನು ನಂಬುವ ಮುಂಚೆ ಏನೇನು ನೋಡಬೇಕು?

ಮೂಡಿಗೆರೆ ಕಡೆಯ ಹಳೆಯ ಕಾಫಿ ತೋಟಗಳಲ್ಲಿ ಮಳೆ ಪುಸ್ತಕ ಇರುತ್ತದೆ. ಬೆಳಿಗ್ಗೆ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಮಳೆಮಾಪಕದ ನೀರು ಅಳೆದು ‘85 ಸೆಂಟ್ಸ್’ ಅಂತ ಬರೆದಿಡುತ್ತಾರೆ. ನೂರು ಸೆಂಟ್ಸ್ ಅಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಕಾಫಿ ಹೂ ಅರಳಿಸುವ ಹೂ ಮಳೆ ಯಾವತ್ತು ಬಂತು, ಅದಾದ ಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಿತ್ತಾ, ಎಲ್ಲ ಅದರಲ್ಲಿದೆ. ಮಲೆನಾಡಿನ ಮಳೆಯನ್ನು ಅಧ್ಯಯನ ಮಾಡುವವರಿಗೆ ಇದು ಬಂಗಾರ.

ಇಂಥ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದಿರಿ ಅಂದುಕೊಳ್ಳಿ. ಲ್ಯಾಪ್‌ಟಾಪ್‌ನಲ್ಲೇ ಇಟ್ಟುಕೊಂಡರೆ ಸಾಲದು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 516 ಸಂಶೋಧನಾ ಪ್ರಬಂಧಗಳ ಮೂಲ ಡೇಟಾವನ್ನು ಹುಡುಕಿದ್ದರು. ಪ್ರಬಂಧಕ್ಕೆ ಒಂದೊಂದು ವರ್ಷ ವಯಸ್ಸಾದ ಹಾಗೆ ಡೇಟಾ ಉಳಿದಿರುವ ಸಂಭವ ಶೇ 17ರಷ್ಟು ಇಳಿಯುತ್ತಿತ್ತು. ಇಮೇಲ್ ವಿಳಾಸ ಬದಲಾಗಿರುತ್ತದೆ, ಹಳೆಯ ಡಿಸ್ಕ್ ಓದುವ ಯಂತ್ರವೇ ಇರುವುದಿಲ್ಲ. ಹಾಗಾಗಿ ಡೇಟಾ ಭಂಡಾರ, ಅಂದರೆ ಇಂಥ ಫೈಲ್‌ಗಳನ್ನು ಎಲ್ಲರಿಗೂ ಸಿಗುವ ಹಾಗೆ ಜೋಪಾನ ಮಾಡುವ ಆನ್‌ಲೈನ್ ತಾಣ, ಬೇಕೇ ಬೇಕು. ಆದರೆ ಯಾವುದು?

ಮೊದಲು, ನಡೆಸುವವರು ಯಾರು ಅಂತ ನೋಡಿ. ನಾನೇ ಒಮ್ಮೆ ಒಂದು ಪ್ರಬಂಧದಲ್ಲಿದ್ದ ಡೇಟಾ ಲಿಂಕ್ ಒತ್ತಿದಾಗ ಪುಟವೇ ಇರಲಿಲ್ಲ. ಒಂದು ಯೋಜನೆಯ ದುಡ್ಡಿನಲ್ಲಿ ನಡೆಯುತ್ತಿದ್ದ ತಾಣ ಅದು, ಯೋಜನೆ ಮುಗಿದ ಮೇಲೆ ನೋಡಿಕೊಳ್ಳುವವರೇ ಇರಲಿಲ್ಲ. ಅವತ್ತಿನಿಂದ ತಾಣದ ಅಂದಚಂದ ನೋಡುವುದು ಬಿಟ್ಟೆ. ‘ನಾಳೆ ನೀವು ಬಾಗಿಲು ಮುಚ್ಚಿದರೆ ನಮ್ಮ ಫೈಲ್ ಎಲ್ಲಿಗೆ ಹೋಗುತ್ತದೆ?’ ಈ ಪ್ರಶ್ನೆಗೆ ನೀತಿ ಪುಟದಲ್ಲಿ ಉತ್ತರ ಇರಬೇಕು. ಉದಾಹರಣೆಗೆ ಝೆನೊಡೊ ಅನ್ನುವ ಭಂಡಾರ 2013ರಿಂದ ಇದೆ, ಜಿನೀವಾದ ಸರ್ನ್ ಪ್ರಯೋಗಾಲಯ ಅದನ್ನು ನಡೆಸುತ್ತದೆ. ಒಂದು ದಾಖಲೆಗೆ 50 ಜಿಬಿ ತನಕ ಉಚಿತ. ಮುಚ್ಚುವ ಸಂದರ್ಭ ಬಂದರೆ ಏನು ಮಾಡುತ್ತೇವೆ ಅನ್ನುವುದನ್ನೂ ಅವರು ಬರೆದಿಟ್ಟಿದ್ದಾರೆ.

ಯಾವ ಭಂಡಾರಗಳಿವೆ ಅಂತಲೇ ಗೊತ್ತಿಲ್ಲದಿದ್ದರೆ ‘ರೀ-ತ್ರೀ-ಡೇಟಾ’ ಅನ್ನುವ ಪಟ್ಟಿಯಲ್ಲಿ ವಿಷಯವಾರು ಹುಡುಕಿ. ‘ಕೋರ್‌ಟ್ರಸ್ಟ್‌ಸೀಲ್’ ಮುದ್ರೆ ಇದೆಯಾ ಅಂತಲೂ ನೋಡಿ. 2017ರಲ್ಲಿ ಶುರುವಾದ ಈ ಮುದ್ರೆ ಹಣಕಾಸು, ಸಿಬ್ಬಂದಿ, ಡೇಟಾ ಉಳಿಸುವ ಯೋಜನೆ ಎಲ್ಲವನ್ನೂ ಪರಿಶೀಲಿಸಿದ ಮೇಲೆ ಸಿಗುತ್ತದೆ. ಅದಕ್ಕೂ ಅವಧಿ ಇದೆ, ಇಸವಿ ಗಮನಿಸಿ. ಮುದ್ರೆ ಇಲ್ಲದ್ದೆಲ್ಲ ಕೆಟ್ಟದ್ದು ಅಂತ ಅಲ್ಲ, ಅಲ್ಲಿ ನೀವೇ ಜಾಸ್ತಿ ವಿಚಾರಿಸಬೇಕು ಅಷ್ಟೇ.

ಆಮೇಲೆ ಡಿಒಐ ಇದೆಯಾ ನೋಡಿ, ಅಂದರೆ ಭಂಡಾರ ನಿಮ್ಮ ಡೇಟಾಕ್ಕೆ ಕೊಡುವ ಕಾಯಂ ಗುರುತಿನ ಸಂಖ್ಯೆ. ತಾಣದ ವಿಳಾಸ ಬದಲಾದರೂ ಇದು ಬದಲಾಗುವುದಿಲ್ಲ. ತಿದ್ದಿದ ಫೈಲ್ ಹಾಕಿದಾಗ ಹಳೆಯದೂ ಉಳಿದು, ಹೊಸದಕ್ಕೆ ಬೇರೆ ಸಂಖ್ಯೆ ಸಿಗಬೇಕು. ಸುಮ್ನೆ ಹಳೆಯದರ ಮೇಲೇ ಹೊಸದನ್ನು ಹಾಕುವ ಕಡೆ ಕೊಡಬೇಡಿ.

ಇಷ್ಟೆಲ್ಲ ಇದ್ದರೂ ಒಳಗಿನ ಲೆಕ್ಕ ಸರಿ ಇದೆ ಅಂತ ಅರ್ಥವಲ್ಲ. ತುಂಬಾ ಜನ ಎಡವುವುದು ಇಲ್ಲೇ. ಎಷ್ಟೋ ಭಂಡಾರಗಳು ಬಂದ ಫೈಲನ್ನು ಜೋಪಾನ ಮಾಡುತ್ತವೆ, ತೆರೆದು ಪರೀಕ್ಷಿಸುವುದಿಲ್ಲ. ಬೇರೆಯವರ ಡೇಟಾ ಬಳಸುವಾಗ ಮೊದಲು ವಿವರಣೆಯ ಫೈಲ್ ಓದಿ, ಆಮೇಲೆ ಅಂಕಿಗಳನ್ನು ನೋಡಿ. ಮಳೆಯ ಕಾಲಂನಲ್ಲಿ ಬರೀ ‘2.5’ ಅಂತ ಇದೆ. ಮಿಲಿಮೀಟರ್ ಆದರೆ ತುಂತುರು. ಇಂಚಾದರೆ 63.5 ಮಿಲಿಮೀಟರ್, ಹಳ್ಳ ತುಂಬಿ ಹರಿಯುವ ಮಳೆ! ಕಾಲಂನ ಖಾಲಿ ಮನೆ ಅಂದರೆ ಮಳೆ ಇಲ್ಲ ಅಂತಲೋ, ಅವತ್ತು ಅಳೆದೇ ಇಲ್ಲ ಅಂತಲೋ? ಭಾನುವಾರ ರೈಟರ್ ರಜೆ ಹಾಕಿದ್ದರೆ ಸೋಮವಾರದ ಅಂಕಿಯಲ್ಲಿ ಎರಡು ದಿನದ ಮಳೆ ಸೇರಿರುತ್ತದೆ. ಮಾಪಕದ ಪಕ್ಕದ ಸಿಲ್ವರ್ ಓಕ್ ವರ್ಷ ವರ್ಷ ಬೆಳೆದು ಹನಿಗಳನ್ನು ತಡೆದಿದ್ದರೆ, ಮಳೆ ಕಡಿಮೆಯಾದ ಹಾಗೆ ಕಾಣುತ್ತದೆ. ಇದನ್ನೆಲ್ಲ ಬರೆದಿಟ್ಟವರ ಡೇಟಾವನ್ನು ನಾನು ಧೈರ್ಯವಾಗಿ ಬಳಸುತ್ತೇನೆ. ತಪ್ಪೇ ಇಲ್ಲ ಅಂತ ಹೇಳುವ ಡೇಟಾಕ್ಕಿಂತ, ತನ್ನ ತಪ್ಪುಗಳ ಪಟ್ಟಿ ಕೊಡುವ ಡೇಟಾ ಮೇಲೆ ನನಗೆ ನಂಬಿಕೆ ಜಾಸ್ತಿ.

ನಿಮ್ಮ ಸರದಿ ಬಂದಾಗ ನೀವೂ ಹಾಗೇ ಮಾಡಿ. ಅಂಕಿಗಳನ್ನು ಯಾವ ಕಂಪ್ಯೂಟರಿನಲ್ಲೂ ತೆರೆಯುವ ಸಿಎಸ್‌ವಿ ಫೈಲ್‌ನಲ್ಲಿ ಕೊಡಿ. ಪುಸ್ತಕದ ಪುಟಗಳ ಫೋಟೋ ಜೊತೆಗಿರಲಿ, ಅನುಮಾನ ಬಂದವರು ರೈಟರ್ ಕೈಬರಹವನ್ನೇ ನೋಡಬಹುದು. ಸೆಂಟ್ಸ್‌ನ ಕಾಲಂ ಅಳಿಸಬೇಡಿ, ಪಕ್ಕದಲ್ಲಿ ಮಿಲಿಮೀಟರ್ ಕಾಲಂ ಹಾಕಿ. ತೋಟದ ಯಜಮಾನರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಹೆಸರು ಬೇಡ ಅಂದರೆ ಹೋಬಳಿ ಮಾತ್ರ ಹಾಕಿ. ಯಾರು ಹೇಗೆ ಬಳಸಬಹುದು ಅನ್ನುವ ಪರವಾನಗಿಯನ್ನು ಆರಿಸುವುದು ಮರೆಯಬೇಡಿ.

ಫೈಲ್ ಏರಿಸಿದ ಮಾರನೇ ದಿನ ಅದನ್ನು ನೀವೇ ವಾಪಸ್ ಇಳಿಸಿಕೊಳ್ಳಿ. ಝೆನೊಡೊದಂಥ ಕಡೆ ಪ್ರತಿ ಫೈಲ್ ಪಕ್ಕ ‘ಚೆಕ್‌ಸಮ್’ ಅನ್ನುವ ಉದ್ದ ಸಂಕೇತ ಇರುತ್ತದೆ. ಫೈಲ್‌ನಲ್ಲಿ ಒಂದೇ ಒಂದು ಅಂಕಿ ಬದಲಾದರೂ ಸಂಕೇತ ಬೇರೆಯಾಗುತ್ತದೆ. ನಿಮ್ಮ ಮೂಲ ಫೈಲ್‌ನ ಸಂಕೇತದ ಜೊತೆ ತಾಳೆ ನೋಡಿ. ತಾಳೆಯಾದರೆ ಡಿಒಐ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ತೋಟಕ್ಕೆ ಹೋಗಿ, ಮಳೆ ಪುಸ್ತಕದ ರಟ್ಟಿನ ಒಳಬದಿಗೆ ಅಂಟಿಸಿ ಬನ್ನಿ.