ಭಾಮಿನಿಯಲ್ಲಿ ಇಪ್ಪತ್ತಮೂರನೆಯ ಕೀರ್ತನೆ

ಗುಳೇದಗುಡ್ಡದ ನಮ್ಮ ಕ್ರೈಸ್ತ ಸಭೆಯಲ್ಲಿ ನಾನು ಹಾರ್ಮೋನಿಯಂ ನುಡಿಸುತ್ತೇನೆ. 19ನೆಯ ಶತಮಾನದಲ್ಲಿ ಬಾಸೆಲ್ ಮಿಶನ್ನಿನವರು ಈ ಭಾಗಕ್ಕೆ ತಂದ ಜರ್ಮನ್ ಧಾಟಿಗಳು ನಮ್ಮ ಆರಾಧನೆಯಲ್ಲಿ ಈಗಲೂ ಇವೆ; ಅವುಗಳ ಗಾಂಭೀರ್ಯದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅಂಥದೊಂದು ಧಾಟಿಗೆ ನಾನೇ ಮಾತು ಹೊಂದಿಸಿದಾಗ ಪೇಚಿಗೆ ಸಿಕ್ಕಿಕೊಂಡೆ. ‘ನಿನ್ನ ಬಲ ಕೊಡು’ ಎಂಬಲ್ಲಿ ದೀರ್ಘ ಸ್ವರವು ‘ಬ’ಕಾರದ ಮೇಲೆಯೇ ಬಿದ್ದು, ಸಭೆಯೆಲ್ಲ ಭಕ್ತಿಯಿಂದ ದೇವರ ಬಾಲವನ್ನು ಬೇಡಿತು. ಮುಂದಿನ ಸಾಲಿನ ಹುಡುಗರು ನಕ್ಕರು. ಅವರನ್ನು ಗದರಿಸುವ ಮುಖ ನನಗಿರಲಿಲ್ಲ.

ಹ್ರಸ್ವದೀರ್ಘಗಳಿಂದಲೇ ಅರ್ಥ ಬದಲಾಗುವ ನುಡಿಗೆ ಮಾತ್ರೆಗಳ ಅಳತೆಯೇ ಸರಿ ಎಂದುಕೊಂಡು, ಮುಂದಿನ ಸಲ ಧಾಟಿಯನ್ನು ಬದಿಗಿಟ್ಟು ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಬೈಬಲಿನ ಇಪ್ಪತ್ತಮೂರನೆಯ ಕೀರ್ತನೆಯನ್ನು ಬರೆಯಲು ಕುಳಿತೆ. ‘ಕುರುಬ ನೀನಿರೆ ಕೊರತೆಯೆಲ್ಲಿದೆ’ ಎಂಬ ಮೊದಲ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳಾಗಿ ತಾನಾಗಿಯೇ ಬಂತು. ಎರಡನೆಯ ಸಾಲಿಗೆ ಆದಿಪ್ರಾಸ (ಸಾಲುಗಳ ಎರಡನೆಯ ಅಕ್ಷರದ ಪ್ರಾಸ) ಹುಡುಕುತ್ತ ‘ಹರಿವ ನೀರಿನ ಬಳಿಗೆ ನಡೆಸುವೆ’ ಎಂದು ಬರೆದು ಸಂತೋಷಪಟ್ಟೆ. ಆದರೆ ಕೀರ್ತನೆಯಲ್ಲಿರುವುದು ಹರಿವ ನೀರಲ್ಲ, ದಣಿದ ಕುರಿ ಅಂಜದೆ ಬಾಯಿಡಬಹುದಾದ ನಿಶ್ಚಲ ನೀರು. ಆದ್ದರಿಂದ ಪ್ರಾಸವನ್ನು ಬಿಟ್ಟುಕೊಟ್ಟು ‘ಶಾಂತ ಜಲಗಳ ಬಳಿಗೆ ನಡೆಸುವೆ’ ಎಂದು ತಿದ್ದಿದೆ. ಛಂದಸ್ಸು ಬಲ್ಲವರು ಒಪ್ಪಲಾರರು. ಆರಾಧನೆಯ ಹಾಡಿನಲ್ಲಿ ವಚನವೇ ಮೊದಲು ಎಂಬುದು ನನ್ನ ನಿಲುವು.

ತಾಳವನ್ನು ಹುಡುಕಬೇಕಾಗಲಿಲ್ಲ. ಏಳು ಮಾತ್ರೆಯ ರೂಪಕ ತಾಳದ ಎರಡು ಆವರ್ತನಗಳಲ್ಲಿ ಒಂದು ಸಾಲು ಸರಿಯಾಗಿ ಕೂರುತ್ತದೆ. ಮೂರನೆಯ ಮತ್ತು ಆರನೆಯ ಸಾಲುಗಳು ಮಾತ್ರ ಮೂರು ಆವರ್ತನ ದಾಟಿ ಎರಡು ಮಾತ್ರೆಯ ಒಂದು ಗುರುವಿನಲ್ಲಿ ನಿಲ್ಲುವುದರಿಂದ, ನಾಲ್ಕನೆಯ ಆವರ್ತನದಲ್ಲಿ ಐದು ಮಾತ್ರೆ ಖಾಲಿ ಉಳಿಯುತ್ತದೆ. ರಾಗ ಭೀಮಪಲಾಸ. ಶ್ರುತಿಯನ್ನು ಮೊದಲು ಬಿಳಿ ನಾಲ್ಕಕ್ಕೆ, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಬಿಳಿ ಮನೆಗೆ, ಇಟ್ಟಿದ್ದೆ. ಮೇಲಿನ ಷಡ್ಜ ಬಂದಾಗಲೆಲ್ಲ ವಯಸ್ಸಾದ ಹೆಣ್ಣುಮಕ್ಕಳು ಸುಮ್ಮನಾಗುತ್ತಿದ್ದುದನ್ನು ಕಂಡು ಬಿಳಿ ಒಂದಕ್ಕೆ ಇಳಿಸಿದೆ.

‘ಇದು ಪುರಾಣ ಓದಿದ್ಹಾಂಗ ಕೇಳತೈತಿ’ ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಅದೇ ಬಾಸೆಲ್ ಮಿಶನ್ನಿನ ಕಿಟೆಲ್ 1862ರಲ್ಲಿಯೇ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀ ಧಾಟಿಯ ಪದ್ಯಗಳಲ್ಲಿ ಹೇಳಿದ್ದರೆಂದೂ, 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರ ಗ್ರಂಥ ‘ಛಂದೋಂಬುಧಿ’ಯನ್ನು ಸಂಪಾದಿಸಿದವರೂ ಅವರೇ ಎಂದೂ ತಿಳಿಸಿದೆ. ಹಿರಿಯರು ಪೂರ್ತಿ ಒಪ್ಪಲಿಲ್ಲ, ಆದರೆ ಮರುವಾರ ಹಾಡಿದರು.

ಆ ಖಾಲಿ ಐದು ಮಾತ್ರೆಗಳು ಮಾತ್ರ ಇನ್ನೂ ಕಾಡುತ್ತಿವೆ. ಅಲ್ಲಿ ನಾನು ಸ್ವರ ತುಂಬಿದರೆ ಎಲ್ಲರೂ ಅವಸರದಿಂದ ಮುಂದಿನ ಸಾಲಿಗೆ ನುಗ್ಗುತ್ತಾರೆ. ಈಗ ಬೆರಳುಗಳನ್ನು ಮನೆಗಳ ಮೇಲಿಂದ ಎತ್ತಿ, ತಬಲಾದ ಠೇಕಾವೊಂದನ್ನೇ ಬಿಡುತ್ತೇನೆ. ಸಭೆ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ.