ಚರ್ಮವಲ್ಲದ ಕೈಚೀಲ ಕೊಳ್ಳುವ ಮುನ್ನ

ಚರ್ಮ ಬೇಡವೆಂದು ನಿರ್ಧರಿಸಿ ಕೈಚೀಲ ಹುಡುಕುತ್ತಿರುವವರು ಮೊದಲು ಒಳಗೆ ಹೊಲಿದಿರುವ ಚೀಟಿಯನ್ನು ಓದಿ. ‘ವೀಗನ್ ಲೆದರ್’ ಎಂದಷ್ಟೇ ಇದ್ದರೆ ಅದು ಬಹುತೇಕ ಪಾಲಿಯುರಿಥೇನ್ ಅಥವಾ ಪಿವಿಸಿ ಎಂಬ ಪ್ಲಾಸ್ಟಿಕ್ ಲೇಪಿಸಿದ ಬಟ್ಟೆ. ಪ್ರಾಣಿಯ ಚರ್ಮವಲ್ಲ, ನಿಜ. ಆದರೆ ಗಿಡದಿಂದ ಬಂದದ್ದೂ ಅಲ್ಲ.

ಅನಾನಸ್ ಎಲೆಯ ನಾರಿನ ಪಿನ್ಯಾಟೆಕ್ಸ್, ಮೆಕ್ಸಿಕೊದಲ್ಲಿ ಪಾಪಾಸುಕಳ್ಳಿಯಿಂದ ತಯಾರಾಗುವ ಡೆಸೆರ್ಟೊ, ರಸ ತೆಗೆದ ಸೇಬಿನ ಸಿಪ್ಪೆ ಮತ್ತು ಹಿಂಡಿಯಿಂದ ಮಾಡುವ ಹಾಳೆ, ಇವೆಲ್ಲ ಒಳ್ಳೆಯ ಪ್ರಯತ್ನಗಳೇ. ಆದರೂ ನೀರು ತಡೆಯಲು, ಬಾಳಿಕೆ ಬರಲು ಇವುಗಳಿಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಅಂಶ ಸೇರಿಸುತ್ತಾರೆ. ಸಸ್ಯಾಂಶ ಶೇಕಡಾ ಎಷ್ಟು ಎಂದು ಮಾರುವವರನ್ನು ಸಂಕೋಚವಿಲ್ಲದೆ ಕೇಳಿ. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಕಾರ್ಕ್. ಮರ ಕಡಿಯದೆ ಸುಮಾರು 9 ವರ್ಷಕ್ಕೊಮ್ಮೆ ತೊಗಟೆಯನ್ನಷ್ಟೇ ಸುಲಿಯುತ್ತಾರೆ. ಅದು ಮತ್ತೆ ಬೆಳೆಯುತ್ತದೆ. ಚೀಲವೂ ಹಗುರ.

ಪಾಲಿಯುರಿಥೇನ್ ಚೀಲಕ್ಕೆ ತೇವಾಂಶವೇ ಶತ್ರು. ಗಾಳಿಯಲ್ಲಿನ ತೇವಕ್ಕೇ ಲೇಪನ ನಿಧಾನವಾಗಿ ಶಿಥಿಲಗೊಂಡು, ಬಳಸದೆ ಇಟ್ಟ ಚೀಲವೂ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. ಬೀರುವಿನಲ್ಲಿ ಜೋಪಾನವಾಗಿಟ್ಟ ನನ್ನ ಚೀಲವೊಂದು ಹೀಗೆಯೇ ಹಾಳಾದಾಗ ತುಂಬಾ ಬೇಸರವಾಗಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವ ಬದಲು, ಒಳಗೆ ಕಾಗದ ತುಂಬಿ ಹತ್ತಿಬಟ್ಟೆ ಸುತ್ತಿ ಗಾಳಿಯಾಡುವ ಕಡೆ ಇಡಿ. ನೆನೆದರೆ ಕೂಡಲೇ ಒರೆಸಿ, ನೆರಳಿನಲ್ಲಿ ಆರಿಸಿ. ಸ್ಯಾನಿಟೈಸರ್ ತಾಗದಂತೆ ನೋಡಿಕೊಳ್ಳಿ.

ಕೊಳ್ಳುವಾಗ ಹಿಡಿಕೆಯ ಬುಡವನ್ನು ಮೆಲ್ಲನೆ ಬಗ್ಗಿಸಿ ನೋಡಿ. ಅಲ್ಲಿ ಬಿಳಿ ಗೆರೆ ಮೂಡಿದರೆ ಅಥವಾ ಅಂಚಿನ ಬಣ್ಣ ಬಿರಿದರೆ, ಎಷ್ಟೇ ಚೆಂದವಿದ್ದರೂ ಅದನ್ನು ಅಲ್ಲೇ ಬಿಟ್ಟು ಬನ್ನಿ.