12,34,56,789ನ್ನು ಕೈಲೆಕ್ಕದಲ್ಲೇ ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದು ಹೇಗೆ?

ಮೊದಲು ಅಂಕಿಗಳನ್ನು ಕೂಡಿಸಿ. ಮೊತ್ತ 45, ಹಾಗಾಗಿ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಉಳಿಯುವುದು 1,37,17,421. ಇದರ ಅಂಕಿಗಳ ಮೊತ್ತ 26. ಅಲ್ಲಿಗೆ 3ರ ಕೆಲಸ ಮುಗಿಯಿತು.

ಇನ್ನು 7, 11, 13 ಎಂದು ಒಂದೊಂದಾಗಿ ಭಾಗಿಸುತ್ತಾ ಹೋದರೆ ಉತ್ತರ ಸಿಗುವ ಹೊತ್ತಿಗೆ 500ಕ್ಕೂ ಹೆಚ್ಚು ಅವಿಭಾಜ್ಯ ಸಂಖ್ಯೆಗಳನ್ನು ದಾಟಿರುತ್ತೀರಿ. ಅಷ್ಟು ತಾಳ್ಮೆ ಯಾರಿಗಿದೆ? ಗಣಿತಜ್ಞ ಫರ್ಮಾನ ವಿಧಾನ ಹಿಡಿಯಿರಿ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ, a² − b² ಎಂದು ಬರೆಯಲಾದರೆ, (a − b) ಮತ್ತು (a + b) ಅದರ ಅಪವರ್ತನಗಳು. ಹಾಗಾಗಿ ಒಂದೊಂದೇ a ಹಿಡಿದು, ಅದರ ವರ್ಗದಿಂದ ನಮ್ಮ ಸಂಖ್ಯೆ ಕಳೆದಾಗ ಉಳಿಯುವುದು ವರ್ಗವೇ ಎಂದು ನೋಡುತ್ತಾ ಹೋಗಬೇಕು. ವರ್ಗಮೂಲ ಸುಮಾರು 3703.7, ಅದರ ಮೇಲಿನ ಪೂರ್ಣಾಂಕ 3704ರಿಂದ ಶುರು.

3704ರ ವರ್ಗ 1,37,19,616. ನಮ್ಮ ಸಂಖ್ಯೆ ಕಳೆದರೆ 2195. 5ರಲ್ಲಿ ಕೊನೆಯಾಗುವ ವರ್ಗಗಳೆಲ್ಲ 25ರಲ್ಲೇ ಮುಗಿಯಬೇಕು, ಆದ್ದರಿಂದ ಇದನ್ನು ಬಿಡಿ. 3705ರ ವರ್ಗ 1,37,27,025. ಕಳೆದರೆ 9604, ಅಂದರೆ 98ರ ವರ್ಗ! 3705ಕ್ಕೆ 98 ಕಳೆದರೆ 3607, ಕೂಡಿಸಿದರೆ 3803. ಇವೆರಡೂ ಅವಿಭಾಜ್ಯ: ಖಚಿತಪಡಿಸಿಕೊಳ್ಳಲು ಮೊದಲನೆಯದನ್ನು 59ರವರೆಗಿನ, ಎರಡನೆಯದನ್ನು 61ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು.

ಹೀಗೆ 12,34,56,789 = 3² × 3607 × 3803. ಘಾತಗಳಿಗೆ ಒಂದೊಂದು ಸೇರಿಸಿ ಗುಣಿಸಿ: 3 × 2 × 2, ಒಟ್ಟು 12 ಭಾಜಕಗಳು. ಅವುಗಳ ಮೊತ್ತ (1 + 3 + 9) × (1 + 3607) × (1 + 3803), ಅಂದರೆ 13 × 3608 × 3804 = 17,84,22,816.

ಎರಡನೇ ಹೆಜ್ಜೆಗೇ ಉತ್ತರ ಬಂದದ್ದು ಎರಡೂ ಅಪವರ್ತನಗಳು ಹತ್ತಿರದಲ್ಲಿದ್ದುದರಿಂದ. ದೂರವಿದ್ದರೆ ಇದೇ ವಿಧಾನ ಆಮೆಗತಿ. ಸಮಸಂಖ್ಯೆಯಾದರೆ 2ನ್ನು ಮೊದಲೇ ಪೂರ್ತಿ ತೆಗೆದುಬಿಡಿ. 1,23,45,67,890ನ್ನು 4ರಿಂದ ಭಾಗಿಸಿದರೆ ಶೇಷ 2. ಅಂಥ ಸಂಖ್ಯೆ ಎರಡು ವರ್ಗಗಳ ವ್ಯತ್ಯಾಸ ಆಗುವುದೇ ಇಲ್ಲ, ಎಷ್ಟು ಹುಡುಕಿದರೂ ವ್ಯರ್ಥ.